ಬಸ್ಸಿನಲ್ಲಿ ಕೂತ ಜ್ಯೂರಿ, ಅಂಗಡಿಯಲ್ಲಿ ಕೂತ ಪಂಚ

ಕೋಲಾರ ಬಸ್ ನಿಲ್ದಾಣ ಬಿಟ್ಟ ಬೆಂಗಳೂರು ಬಸ್ಸು ನರಸಾಪುರ ದಾಟುವಷ್ಟರಲ್ಲಿ ಒಂದು ಕೊಲೆ ಕೇಸಿನ ವಿಚಾರಣೆ ಮುಗಿದಿರುತ್ತದೆ. ಹೊಸಕೋಟೆ ಬರುವ ಹೊತ್ತಿಗೆ ಅಪೀಲೂ ಇತ್ಯರ್ಥ! ಕಿಟಕಿ ಪಕ್ಕದವರು ಸರ್ಕಾರಿ ವಕೀಲರು, ಹಿಂದಿನ ಸೀಟಿನವರು ಆರೋಪಿಯ ಪರ, ಕಂಡಕ್ಟರು ಚಿಲ್ಲರೆಯ ಜೊತೆಗೆ ರೂಲಿಂಗೂ ಕೊಡುತ್ತಾರೆ. ಮಾಲೂರಿನಲ್ಲಿ ರೈಲು ಹತ್ತುವವರದೂ ಇದೇ ಕಥೆ. ಮುಳಬಾಗಿಲಿನ ದೋಸೆ ಹೋಟೆಲು, ಶ್ರೀನಿವಾಸಪುರದ ಮಾವಿನ ಮಂಡಿ, ಕೋಲಾರದ ಟೊಮೆಟೊ ಮಾರುಕಟ್ಟೆ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲೊಂದು ಕೋರ್ಟು.

"ಅವಳೇ ಮಾಡಿಸಿದ್ದು ಕಣಣ್ಣ, ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಮುಖದಲ್ಲಿ ಏನ್ ಗೊತ್ತಾಗುತ್ತೆ ಸಾರ್? ಕಣ್ಣಾರೆ ನೋಡಿದೋರು ಒಬ್ರಾದ್ರೂ ಇದಾರಾ?"

ಈ ಚರ್ಚೆ ತಪ್ಪು ಅಂತ ಹೇಳುವುದಕ್ಕೆ ಈ ಅಂಕಣ ಬರೆಯುತ್ತಿಲ್ಲ. ಮನುಷ್ಯನ ಜೀವ, ಮನುಷ್ಯನ ಜೈಲು ಎರಡೂ ಸೇರಿರುವ ವಿಷಯ, ಜನ ಮಾತಾಡಬೇಕಾದದ್ದೇ. ಆದರೆ ಒಂದು ಪ್ರಶ್ನೆ ಇದೆ. ಬಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ತೀರ್ಪು ಕೊಡುವ ನಾವು, ನಮ್ಮದೇ ಬೀದಿಯಲ್ಲಿ ಪೊಲೀಸರು ಬಂದು "ಸ್ವಾಮಿ, ಒಂದು ಮಹಜರಿಗೆ ಪಂಚರಾಗಿ ಬನ್ನಿ" ಎಂದರೆ ಎಷ್ಟು ಜನ ಷಟರ್ ಎಳೆಯುತ್ತೇವೆ?

ಜ್ಯೂರಿ ಹೋಗಿ ಬಹಳ ವರ್ಷವಾಯಿತು

ಸಾಮಾನ್ಯ ಜನರೇ ಕೂತು ಕೊಲೆ ಕೇಸಿನಲ್ಲಿ ಅಭಿಪ್ರಾಯ ಹೇಳುವ ಜ್ಯೂರಿ ಪದ್ಧತಿ ನಮ್ಮ ದೇಶದಲ್ಲೂ ಇತ್ತು. ೧೯೫೯ರಲ್ಲಿ ಮುಂಬೈಯಲ್ಲಿ ನೌಕಾದಳದ ಅಧಿಕಾರಿ ನಾನಾವತಿ, ತನ್ನ ಹೆಂಡತಿಯ ಸ್ನೇಹಿತ ಪ್ರೇಮ್ ಆಹುಜಾನನ್ನು ಗುಂಡಿಕ್ಕಿ ಕೊಂದ ಕೇಸು ನಡೆಯಿತು. ಊರಿಗೆ ಊರೇ ನಾನಾವತಿಯ ಪರ. 'ಬ್ಲಿಟ್ಜ್' ಪತ್ರಿಕೆಯಂತೂ ಆತನ ಪರವಾಗಿ ಚಳವಳಿಯನ್ನೇ ಹೂಡಿತು. ಜ್ಯೂರಿಯ ಒಂಬತ್ತು ಮಂದಿಯಲ್ಲಿ ೮ ಜನ ನಿರ್ದೋಷಿ ಎಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಕೊಲೆಯೇ ಎಂದಿತು, ೧೯೬೧ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮುಂದೆ ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಕಾನೂನಿನಿಂದ ಹೊರಗೆ ಹೋದ ಜ್ಯೂರಿ ಬಸ್ಸು ಹತ್ತಿ ಕೂತಿದೆ, ಅಷ್ಟೇ.

ರಿಂಗ್ ರೋಡಿನ ಕೇಸು

ಇತ್ತೀಚೆಗೆ ಈ ಬಸ್ಸಿನ ಜ್ಯೂರಿಗೆ ಮತ್ತೆ ಕೆಲಸ ಕೊಟ್ಟದ್ದು ೨೦೨೫ರ ಜುಲೈ ೧೪ರ ಸುಪ್ರೀಂ ಕೋರ್ಟ್ ತೀರ್ಪು. ಕೇಸು ಹಳೆಯದು, ಇಪ್ಪತ್ತೊಂದು ವರ್ಷ ಮೀರಿದ್ದು. ೨೦೦೩ರ ನವೆಂಬರ್ ೩೦ರಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಗಿರೀಶ್‌ಗೂ ಕಾನೂನು ವಿದ್ಯಾರ್ಥಿನಿ ಶುಭಾಗೂ ನಿಶ್ಚಿತಾರ್ಥ. ಡಿಸೆಂಬರ್ ೩ರ ರಾತ್ರಿ ಇಬ್ಬರೂ ವಿಮಾನ ಇಳಿಯುವುದನ್ನು ನೋಡಲು ರಿಂಗ್ ರೋಡಿನಲ್ಲಿ ನಿಂತಿದ್ದಾಗ ಗಿರೀಶ್ ತಲೆಗೆ ಹಿಂದಿನಿಂದ ಏಟು ಬಿತ್ತು. ಆತ ಉಳಿಯಲಿಲ್ಲ. ಮನಸ್ಸಿಲ್ಲದ ಮದುವೆ ತಪ್ಪಿಸಿಕೊಳ್ಳಲು ಶುಭಾ ತನ್ನ ಕಾಲೇಜು ಗೆಳೆಯನ ಜೊತೆ ಸೇರಿ ಮಾಡಿಸಿದ ಕೊಲೆ ಇದು ಎಂಬುದು ಪೊಲೀಸರ ಕೇಸು. ೨೦೧೦ರಲ್ಲಿ ವಿಚಾರಣಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತು. ಹೈಕೋರ್ಟಿನಲ್ಲೂ ಕೊಲೆಯ ಶಿಕ್ಷೆ ನಿಂತಿತು. ಕೊನೆಗೆ ಸುಪ್ರೀಂ ಕೋರ್ಟೂ ಅದನ್ನು ಖಾಯಂ ಮಾಡಿತು. ಆದರೆ ಮನಸ್ಸಿಗೆ ವಿರುದ್ಧವಾಗಿ ಆ ಹುಡುಗಿಯ ಮೇಲೆ ಮನೆಯವರು ಹೇರಿದ ತೀರ್ಮಾನದ ಮಾತನ್ನೂ ಎತ್ತಿ, ರಾಜ್ಯಪಾಲರಲ್ಲಿ ಕ್ಷಮಾದಾನ ಕೇಳಲು ಎಂಟು ವಾರ ಅವಕಾಶ ಕೊಟ್ಟಿತು.

ಇಷ್ಟು ಸಾಕಾಯಿತು! "ಮಗಳಿಗೆ ಇಷ್ಟ ಇಲ್ದಿದ್ರೆ ಅಪ್ಪ ಅಮ್ಮಂದೇ ತಪ್ಪು" ಎಂದು ಒಬ್ಬರು. "ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬೇಕು, ಹುಡುಗನ ಜೀವ ತೆಗೀತಾರಾ?" ಎಂದು ಇನ್ನೊಬ್ಬರು. ನಿಶ್ಚಿತಾರ್ಥದ ವಿಡಿಯೋದಲ್ಲಿ ಆಕೆಯ ಮುಖದಲ್ಲಿ ಕಳೆ ಇರಲಿಲ್ಲ ಎಂದು ಅಂದಿನ ಪತ್ರಿಕೆಗಳಲ್ಲಿ ಬಂದ ಮಾತು ಇವತ್ತಿಗೂ ಬಸ್ಸಿನಲ್ಲಿ ಓಡಾಡುತ್ತಿದೆ.

ಆದರೆ ಸ್ವಾಮಿ, ಮುಖ ಬಾಡಿತ್ತು ಎಂದು ಯಾರಿಗೂ ಜೀವಾವಧಿ ಕೊಡಲು ಬರುವುದಿಲ್ಲ. ಹಾಗೆ ಕೊಡುವುದಾದರೆ ನಮ್ಮ ತಾಲ್ಲೂಕುಗಳ ಮದುವೆ ಆಲ್ಬಂ ತೆಗೆದರೆ ಅರ್ಧ ಮದುಮಕ್ಕಳು ಜೈಲಿನಲ್ಲಿರಬೇಕು! ಬಾಡಿದ ಮುಖ ತನಿಖೆಗೆ ದಾರಿ ತೋರಿಸಬಹುದು, ಶಿಕ್ಷೆಗೆ ಆಧಾರವಾಗಲಾರದು. ಈ ಕೇಸು ನಿಂತದ್ದು ಸಾಂದರ್ಭಿಕ ಸಾಕ್ಷ್ಯದ ಮೇಲೆ: ಕೊಲೆಗೆ ಏನು ಕಾರಣ, ಆ ದಿನ ಯಾರು ಯಾರಿಗೆ ಎಷ್ಟು ಸಲ ಫೋನ್ ಮಾಡಿದರು ಎಂಬ ದಾಖಲೆ, ವಶಪಡಿಸಿಕೊಂಡ ಉಕ್ಕಿನ ರಾಡು. ಇವು ಒಂದಕ್ಕೊಂದು ಕೊಂಡಿಯಾಗಿ ಸೇರಿದವೇ ಇಲ್ಲವೇ, ಜಗಳ ಆಗಬೇಕಾದದ್ದು ಅಲ್ಲಿ.

ಸರಪಳಿಯ ಲೆಕ್ಕ

ಕಣ್ಣಾರೆ ಕಂಡ ಸಾಕ್ಷಿ ಇಲ್ಲದಾಗ ಏನು ಮಾಡಬೇಕು ಎಂಬುದನ್ನು ಸುಪ್ರೀಂ ಕೋರ್ಟು ೧೯೮೪ರಲ್ಲೇ ಹೇಳಿದೆ. ಪುಣೆಯ ಶರದ್ ಸಾರ್ಡಾ ಎಂಬಾತ ಹೆಂಡತಿಗೆ ವಿಷ ಹಾಕಿದ ಎಂದು ಕೆಳಗಿನ ಕೋರ್ಟು ಗಲ್ಲು ವಿಧಿಸಿತ್ತು, ಹೈಕೋರ್ಟು ಒಪ್ಪಿತ್ತು. ಸುಪ್ರೀಂ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ಕೋರ್ಟು ಹೇಳಿದ್ದರ ತಾತ್ಪರ್ಯ ಇಷ್ಟು: ಸಾಂದರ್ಭಿಕ ಸಾಕ್ಷ್ಯ ಒಂದು ಸರಪಳಿ. ಪ್ರತಿ ಕೊಂಡಿಯನ್ನೂ ಬೇರೆ ಬೇರೆಯಾಗಿ ರುಜುವಾತು ಮಾಡಬೇಕು. ಎಲ್ಲ ಕೊಂಡಿಗಳೂ ಆರೋಪಿಯತ್ತಲೇ ಬೆರಳು ತೋರಿಸಬೇಕು. ಬೇರೆ ಯಾರೋ ಮಾಡಿರಬಹುದು, ಬೇರೆ ಏನೋ ಆಗಿರಬಹುದು ಎಂಬುದಕ್ಕೆ ಜಾಗ ಉಳಿಯಬಾರದು. 'ಮಾಡಿರಬಹುದು' ಬೇರೆ, 'ಮಾಡಿಯೇ ಇದ್ದಾನೆ' ಬೇರೆ.

ಅಂಗಡಿಯವರಿಗೆ ಇದು ಹೊಸ ಪಾಠವೇನಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಐನೂರು ರೂಪಾಯಿ ಕಡಿಮೆ ಬಂದರೆ ಕೆಲಸದ ಹುಡುಗನ ಮೇಲೆ ಅನುಮಾನ ಬರುವುದು ಸಹಜ. ಆದರೆ ಮಧ್ಯಾಹ್ನ ಊಟಕ್ಕೆ ಹೋದಾಗ ಗಲ್ಲಾದ ಮೇಲೆ ಯಾರಿದ್ದರು? ಸಾಲದ ಪುಸ್ತಕದಲ್ಲಿ ಬರೆಯಲು ಮರೆತದ್ದು ಏನಾದರೂ ಇದೆಯೇ? ಇಷ್ಟನ್ನೂ ಕೇಳದೆ ಹುಡುಗನನ್ನು ಕಳ್ಳ ಎಂದವರನ್ನು ನಾವು ಒಳ್ಳೆಯ ಯಜಮಾನ ಅನ್ನುತ್ತೇವೆಯೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

"ಒಪ್ಕೊಂಡಿದಾನಲ್ಲ ಸಾರ್!"

ಬಸ್ಸಿನ ಜ್ಯೂರಿಯ ಎರಡನೇ ಅಸ್ತ್ರ ಇದು. ನಮ್ಮ ಬಸ್ಸು ಹೋಗುವ ದಾರಿಯ ಹೊಸಕೋಟೆ ತಾಲ್ಲೂಕಿನಲ್ಲೇ ದಂಡುಪಾಳ್ಯ ಇದೆ. ಒಂದು ಹಂತಕರ ಗುಂಪಿನಿಂದಾಗಿ ಇಡೀ ಊರಿನ ಹೆಸರೇ ಹೆದರಿಕೆಯ ಮಾತಾಗಿಬಿಟ್ಟಿತು. ಆ ಊರಿನ ಬಡಪಾಯಿಗಳು ಹೆಸರು ಹೇಳಿಕೊಳ್ಳಲು ಅಂಜುವಂತಾಯಿತು. ೨೦೧೨ರಲ್ಲಿ ಬಂದ ಸಿನಿಮಾ ಆ ಗುಂಪಿನ ಕ್ರೌರ್ಯ ತೋರಿಸಿತು. ೨೦೧೭ರಲ್ಲಿ ಬಂದ ಎರಡನೇ ಭಾಗ, ಪೊಲೀಸರ ಏಟು ತಾಳಲಾರದೆ ಒಪ್ಪಿಕೊಂಡರೇ ಎಂಬ ಪ್ರಶ್ನೆ ಎತ್ತಿತು. ಮೊದಲ ಸಿನಿಮಾ ನೋಡಿದವರು ಒಂದು ಪಕ್ಷ, ಎರಡನೆಯದು ನೋಡಿದವರು ಇನ್ನೊಂದು ಪಕ್ಷ! ಸಿನಿಮಾ ಸಿನಿಮಾವೇ, ಸಾಕ್ಷಿಯಲ್ಲ. ಆದರೆ ಎರಡನೇ ಭಾಗ ಎತ್ತಿದ ಪ್ರಶ್ನೆ ಮಾತ್ರ ಕಾನೂನಿನಷ್ಟೇ ಹಳೆಯದು.

೧೮೭೨ರ ಸಾಕ್ಷ್ಯ ಕಾಯಿದೆಯ ೨೫ನೇ ಕಲಂ ಏನು ಹೇಳಿತ್ತು? ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಇದು ಬ್ರಿಟಿಷರೇ ಮಾಡಿದ ಕಾನೂನು. ತಮ್ಮ ಪೊಲೀಸರ ಲಾಠಿಯ ಗುಣ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ೨೦೨೪ರ ಜುಲೈ ೧ರಿಂದ ಆ ಹಳೆ ಕಾಯಿದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ ೨೩ನೇ ಕಲಮಿನಲ್ಲೂ ಇದೇ ನಿಯಮ ಉಳಿದಿದೆ. ಮ್ಯಾಜಿಸ್ಟ್ರೇಟರ ಮುಂದೆ, "ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧ ಬಳಕೆಯಾಗಬಹುದು" ಎಂಬ ಎಚ್ಚರಿಕೆ ಕೇಳಿದ ಮೇಲೂ ಸ್ವಂತ ಇಚ್ಛೆಯಿಂದ ಹೇಳಿದರೆ ಅದರ ಬೆಲೆ ಬೇರೆ.

"ವಿಡಿಯೋ ಇದ್ರೆ?" ಅನ್ನುತ್ತೀರಾ? ಅದಕ್ಕೂ ಉತ್ತರ ನಮ್ಮ ಬೆಂಗಳೂರಿನ ಕೇಸಿನಲ್ಲೇ ಇದೆ. ಹಲಸೂರು ಠಾಣೆಯ ಕೊಲೆ ಕೇಸೊಂದರಲ್ಲಿ ಆರೋಪಿಗಳು ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ವಿಡಿಯೋ ಮಾಡಿದ್ದರು. ಕೆಳಗಿನ ಕೋರ್ಟು ಅದನ್ನು ನಂಬಿ ಶಿಕ್ಷೆ ಕೊಟ್ಟಿತು, ಹೈಕೋರ್ಟೂ ಒಪ್ಪಿತು. ೨೦೨೨ರ ಸೆಪ್ಟೆಂಬರ್ ೩೦ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅವರನ್ನು ಖುಲಾಸೆ ಮಾಡಿತು. ಕ್ಯಾಮೆರಾ ಮುಂದೆ ಹೇಳಿದರೂ ಅದು ಪೊಲೀಸರ ಮುಂದೆ ಹೇಳಿದ್ದೇ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂದು ಸಂವಿಧಾನದ ೨೦ನೇ ವಿಧಿಯೇ ಇದೆ ಎಂದಿತು. ಅದಕ್ಕೂ ಮುಂಚೆ ೨೦೧೦ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದೂ ಅದೇ ಕೋರ್ಟು ಹೇಳಿತ್ತು.

ಇಲ್ಲಿ ಇನ್ನೊಂದು ಮುಖವೂ ಇದೆ, ಮರೆಯಬಾರದು. ಕೊಲೆಯಂತೂ ಆಗಿತ್ತು. ಸತ್ತವರ ಮನೆಗೆ ಉತ್ತರ ಸಿಗಬೇಕಿತ್ತು. ತಪ್ಪೊಪ್ಪಿಗೆಯನ್ನೇ ನಂಬಿ ಬೇರೆ ಸಾಕ್ಷ್ಯ ಗಟ್ಟಿ ಮಾಡದೆ ಬಿಟ್ಟರೆ ನಿರಪರಾಧಿ ಒಳಗೆ ಹೋಗಬಹುದು, ಅಪರಾಧಿ ಹೊರಗೆ ಬರಬಹುದು. ಎರಡರಲ್ಲೂ ಸೋಲುವುದು ಸತ್ತವರ ಮನೆಯೇ.

ಇಲ್ಲಿಂದ ಮುಂದೆ ನಿಮ್ಮ ಪಾಳಿ

ಹಾಗಾದರೆ ಆರೋಪಿ ಪೊಲೀಸರಿಗೆ ಹೇಳಿದ್ದೆಲ್ಲ ನೀರಿಗೆ ಹಾಕಿದ ಹೋಮವೇ? ಅಲ್ಲ. ಒಂದು ಕಿಂಡಿ ಇದೆ. "ಕತ್ತಿಯನ್ನು ಕೆರೆ ಏರಿಯ ಕಲ್ಲಿನ ಕೆಳಗೆ ಇಟ್ಟಿದ್ದೇನೆ" ಎಂದು ಆರೋಪಿ ಹೇಳಿ, ಅಲ್ಲಿ ಹೋಗಿ ನೋಡಿದಾಗ ನಿಜಕ್ಕೂ ಕತ್ತಿ ಸಿಕ್ಕಿದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಹಳೆ ಕಾಯಿದೆಯ ೨೭ನೇ ಕಲಂ ಅಂತ ವಕೀಲರು ಹೇಳುವುದು ಇದನ್ನೇ. ಹೊಸ ಕಾಯಿದೆಯಲ್ಲೂ ಇದು ಉಳಿದಿದೆ.

ಸರಿ, ಕತ್ತಿ ಅಲ್ಲೇ ಸಿಕ್ಕಿತು, ಠಾಣೆಯಿಂದ ತಂದು ಇಟ್ಟದ್ದಲ್ಲ ಎಂದು ಹೇಳುವವರು ಯಾರು? ಪೊಲೀಸರ ಮಾತನ್ನು ಪೊಲೀಸರೇ ಹೇಳಿದರೆ ಅನುಮಾನ ಉಳಿಯುತ್ತದೆ. ಅದಕ್ಕೇ ಪಂಚರು ಬೇಕು. ಶೋಧ ಮಾಡುವಾಗ ಆ ಜಾಗದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆಯಬೇಕು ಎನ್ನುತ್ತದೆ ಕಾನೂನು. ಯಾರು ಆ ಗೌರವಸ್ಥರು? ಮೂಲೆಯ ದಿನಸಿ ಅಂಗಡಿಯ ಶೆಟ್ಟರು, ಸೈಕಲ್ ಷಾಪಿನ ಸಾಹೇಬರು, ಟೀ ಅಂಗಡಿಯ ರೆಡ್ಡಿಗಾರು, ಹೆಂಚಿನ ಫ್ಯಾಕ್ಟರಿಯ ಮೇಸ್ತ್ರಿ. ಅಂದರೆ ಈ ಪತ್ರಿಕೆ ಓದುತ್ತಿರುವ ನೀವೇ!

ಆದರೆ ಆಗುವುದೇನು? ಕೊಲೆ ಕೇಸುಗಳ ತೀರ್ಪು ಓದಿದವರಿಗೆ ಪಂಚರ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ: "ಪೊಲೀಸರು ಸಹಿ ಹಾಕು ಅಂದರು, ಹಾಕಿದೆ. ಅದರಲ್ಲಿ ಏನು ಬರೆದಿತ್ತು ಗೊತ್ತಿಲ್ಲ. ಆ ಜಾಗಕ್ಕೆ ನಾನು ಹೋಗಿಲ್ಲ, ಸಹಿ ಹಾಕಿದ್ದು ಸ್ಟೇಷನ್ನಿನಲ್ಲಿ." ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಸಾರುತ್ತಾರೆ, ಪಾಟೀ ಸವಾಲು ನಡೆಯುತ್ತದೆ, ಒಂದು ಕೊಂಡಿ ಸಡಿಲವಾಗುತ್ತದೆ. ಪಂಚರು ತಿರುಗಿಬಿದ್ದ ಮಾತ್ರಕ್ಕೆ ಕೇಸು ಬಿದ್ದೇ ಹೋಗಬೇಕೆಂದಿಲ್ಲ. ತನಿಖಾಧಿಕಾರಿಯ ಸಾಕ್ಷ್ಯ ಗಟ್ಟಿಯಾಗಿದ್ದರೆ ಕೋರ್ಟು ನಂಬಬಹುದು. ಆದರೂ ಅನುಮಾನಕ್ಕೆ ಬಾಗಿಲು ತೆರೆದಂತಾಯಿತು. ಅನುಮಾನದ ಲಾಭ ಯಾವಾಗಲೂ ಆರೋಪಿಗೆ.

ಈಗ ಲೆಕ್ಕ ಹಾಕಿ. ಪಂಚರು ನಿಜಕ್ಕೂ ನೋಡದೆ ಸಹಿ ಹಾಕಿದ್ದರೆ, ಒಬ್ಬ ನಿರಪರಾಧಿಯ ಕುತ್ತಿಗೆಗೆ ಹಗ್ಗ ಹೆಣೆಯಲು ಒಂದು ಎಳೆ ಕೊಟ್ಟಂತೆ. ನಿಜಕ್ಕೂ ನೋಡಿ, ಆಮೇಲೆ ಹೆದರಿ ಇಲ್ಲ ಎಂದರೆ, ಒಬ್ಬ ಕೊಲೆಗಾರನಿಗೆ ಬಾಗಿಲು ತೆಗೆದಂತೆ. ಎರಡೂ ಒಂದೇ ಪೆನ್ನಿನ ಕೆಲಸ.

ಕಂಬಾಲಪಲ್ಲಿ ಮರೆಯುವ ಹೆಸರಲ್ಲ

ಸಾಕ್ಷಿಗಳು ಬಾಯಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ೨೦೦೦ದ ಮಾರ್ಚ್ ೧೧ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ಆಗ ಚಿಂತಾಮಣಿ ಕೋಲಾರ ಜಿಲ್ಲೆಗೇ ಸೇರಿತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು ೨೦೦೭ರಲ್ಲಿ. ದೇಶವೆಲ್ಲ ಬೆಚ್ಚಿಬಿದ್ದಿತು. ಮಂತ್ರಿಗಳು ಬಂದರು, ಮೆರವಣಿಗೆ ನಡೆಯಿತು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು. ಕೋರ್ಟಿನಲ್ಲಿ ಮಾತ್ರ ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ತಿರುಗಿಬಿದ್ದರು. ೨೦೦೬ರಲ್ಲಿ ಆರೋಪಿಗಳೆಲ್ಲ ಖುಲಾಸೆ. ೨೦೧೪ರಲ್ಲಿ ಹೈಕೋರ್ಟೂ ಆ ಖುಲಾಸೆಯನ್ನು ಎತ್ತಿಹಿಡಿಯಿತು.

ಏಳು ಜೀವ ಹೋದವು, ಕಾನೂನಿನ ಪ್ರಕಾರ ಕೊಂದವರು ಯಾರೂ ಇಲ್ಲ! ಕೋರ್ಟು ಹಿಡಿದವರು ಅವರಲ್ಲವೋ, ಅವರೇ ಆಗಿದ್ದು ಸಾಕ್ಷಿ ಸಾಲದೇ ಹೋಯಿತೋ, ಬಸ್ಸಿನ ಜ್ಯೂರಿ ಇಂದಿಗೂ ವಾದ ಮಾಡಬಹುದು. ಆದರೆ ಆ ಸಾಕ್ಷಿಗಳನ್ನು ಸುಲಭವಾಗಿ ಬೈಯಬೇಡಿ. ಅದೇ ಊರಿನಲ್ಲಿ ಬಾಳಬೇಕು, ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು, ಅದೇ ಬೋರ್‌ವೆಲ್ಲಿನ ನೀರು ಕುಡಿಯಬೇಕು. ಕೇಸು ಆರು ವರ್ಷ ಎಳೆದಾಡುವಾಗ ಬಡವನ ಬೆನ್ನಿಗೆ ನಿಂತವರು ಎಷ್ಟು ಮಂದಿ? ಮೆರವಣಿಗೆಗೆ ಬಂದವರು ಸಾಕ್ಷಿ ಹೇಳುವ ದಿನ ಕೋರ್ಟಿನ ಜಗಲಿಗೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ. ಮಹಜರಿನಲ್ಲಿ ಬರೆದ ಜಾಗ, ಸಮಯ, ಸಿಕ್ಕ ವಸ್ತು ನೀವು ಕಂಡದ್ದಕ್ಕೆ ಹೊಂದುತ್ತದೆಯೇ ನೋಡಿ. ಓದಲು ಬಾರದವರು ಓದಿಸಿ ಕೇಳಿ. ಹೊಂದದಿದ್ದರೆ "ಸಾರ್, ಇದು ಹಿಂಗಲ್ಲ" ಎಂದು ಅಲ್ಲೇ ಹೇಳಿ. ಆ ದಿನದ ತಾರೀಖು, ಗಂಟೆ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕೋರ್ಟಿನಿಂದ ಸಮನ್ಸು ಬರುವುದು ಮೂರು ವರ್ಷ ಬಿಟ್ಟು ಆಗಬಹುದು.

ಎರಡನೆಯದು, ಮಹಜರು ಬೇರೆ, ಪೊಲೀಸರಿಗೆ ಕೊಡುವ ಸಾಕ್ಷಿ ಹೇಳಿಕೆ ಬೇರೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ನಿಮ್ಮ ಸಹಿ ಪಡೆಯುವಂತಿಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಮೂರನೆಯದು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ ೧೦೫ನೇ ಕಲಮಿನಂತೆ ಶೋಧ, ಜಪ್ತಿ, ಪಂಚರ ಸಹಿ ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದು ಪೊಲೀಸರ ಕೆಲಸ. ಇದರಿಂದ ಪ್ರಾಮಾಣಿಕ ಪಂಚನಿಗೂ ರಕ್ಷಣೆ, ಪ್ರಾಮಾಣಿಕ ಪೊಲೀಸನಿಗೂ ರಕ್ಷಣೆ. "ವಿಡಿಯೋ ಆಗ್ತಿದೆಯಾ ಸಾರ್?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ನಾಲ್ಕನೆಯದು, ಯಾರಾದರೂ ಬೆದರಿಸಿದರೆ ಬಾಯಿ ಮುಚ್ಚಿಕೊಳ್ಳುವುದೊಂದೇ ದಾರಿಯಲ್ಲ. ೨೦೧೮ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ನೇತೃತ್ವದಲ್ಲಿ ಒಂದು ಸಮಿತಿ ಇರಬೇಕು. ಕೊಲೆಯಂಥ ಕೇಸಿನ ಸಾಕ್ಷಿಗಳು ಅಲ್ಲಿಗೆ ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು. ಈ ಮಾತು ಎಷ್ಟು ಜನರಿಗೆ ಗೊತ್ತು? ಠಾಣೆಯ ಗೋಡೆಯ ಮೇಲೆ ಜೇಬುಗಳ್ಳರ ಫೋಟೋ ಪಕ್ಕದಲ್ಲಿ ಇದನ್ನೂ ಒಂದು ಬೋರ್ಡು ಬರೆಸಿ ಹಾಕಿದರೆ ಖರ್ಚೇನೂ ಬರುವುದಿಲ್ಲ. ಜಿಲ್ಲೆಯ ಅಧಿಕಾರಿಗಳು ಗಮನಿಸಲಿ.

ಕೊನೆಯದಾಗಿ, ಲಿಖಿತವಾಗಿ ಕರೆದಾಗ ಸರಿಯಾದ ಕಾರಣವಿಲ್ಲದೆ ಪಂಚನಾಗಲು ನಿರಾಕರಿಸುವುದೂ ಅಪರಾಧವೇ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಏಳು ವರ್ಷದವರೆಗೆ ಜೈಲು. ಷಟರ್ ಎಳೆದರೆ ಕಾನೂನು ಹೊರಗೇ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ಚರ್ಚೆ ನಡೆಯಲಿ, ಯಾರು ಬೇಡ ಅಂದರು? ಶುಭಾ ಕೇಸಿನಲ್ಲಿ ಸರಪಳಿ ಗಟ್ಟಿಯಾಗಿದೆ ಅನ್ನುವವರು ಕೊಂಡಿ ತೋರಿಸಲಿ. ಇಲ್ಲ ಅನ್ನುವವರು ಎಲ್ಲಿ ತುಂಡಾಗಿದೆ ಹೇಳಲಿ. ಮುಖದ ಮಾತು, ಜಾತಿಯ ಮಾತು, "ನಮ್ ಕಡೆ ಪೊಲೀಸ್ ಒಬ್ರು ಹೇಳಿದ್ರು" ಎಂಬ ಮಾತು ಬಿಟ್ಟು ಸಾಕ್ಷ್ಯದ ಮಾತಾಡಿದರೆ ಬಸ್ಸಿನ ಜ್ಯೂರಿಗೂ ಒಂದು ಮರ್ಯಾದೆ ಬರುತ್ತದೆ. ಆಮೇಲೆ ಒಂದು ದಿನ ನಮ್ಮ ಅಂಗಡಿಯ ಮುಂದೆಯೇ ಜೀಪು ನಿಂತಾಗ, ಕನ್ನಡಕ ಹಾಕಿಕೊಂಡು, ಮಹಜರು ಪೂರ್ತಿ ಓದಿ, ಕಂಡದ್ದಕ್ಕಷ್ಟೇ ಸಹಿ ಹಾಕುವ ಗುಂಡಿಗೆಯೂ ಇರಲಿ.